ಬೆಳಿಗ್ಗೆ ಟಿಕ್ ಟಿಕ್, ಹತ್ತು ನಿಮಿಷಕ್ಕೆ ಮಾಯ

ಪ್ರಶ್ನೆ: ಸರ್, ನನ್ನದು ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರಿನದು. 94,000 ಕಿ.ಮೀ. ಓಡಿದೆ. ಈ ಮಳೆಗಾಲ ಮುಗಿದ ಮೇಲೆ ಒಂದು ಕಾಟ ಶುರುವಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಹೊಲಿಗೆ ಮಿಷನ್ ಥರ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಜೋರಾಗುತ್ತದೆ. ಹತ್ತು ನಿಮಿಷ ಓಡಿಸಿದರೆ ಪೂರ್ತಿ ನಿಂತುಹೋಗುತ್ತದೆ. ಗ್ಯಾರೇಜಿನಲ್ಲಿ ‘ಟ್ಯಾಪೆಟ್’, ಅಂದರೆ ವಾಲ್ವ್ ಒತ್ತುವ ಭಾಗದ ಸದ್ದು ಅಂದರು. ಎರಡು ಸಲ ಅಡ್ಜಸ್ಟ್ ಮಾಡಿದರು, ಆಯಿಲೂ ಬದಲಾಯಿಸಿದರು. ಸದ್ದು ಮಾತ್ರ ಹಾಗೇ ಇದೆ. ಈಗ ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಿ ನೋಡಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಈಗಲೇ ಬೇಡ.

ಹತ್ತು ನಿಮಿಷಕ್ಕೆ ನಿಂತುಹೋಗುತ್ತದೆ ಅಂತ ಒಂದು ಮಾತು ಬರೆದಿದ್ದೀರಲ್ಲ, ನಿಮ್ಮ ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದು ಅದೇ. ತುಂಬಾ ಜನ ಸದ್ದು ಹೇಗಿದೆ ಅಂತ ಅರ್ಧ ಪುಟ ಬರೆಯುತ್ತಾರೆ, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನೇ ಬಿಟ್ಟುಬಿಡುತ್ತಾರೆ. ಟಿಕ್ ಟಿಕ್ ಅನ್ನುವುದು ಹತ್ತು ಕಡೆಯಿಂದ ಬರಬಹುದು. ಆದರೆ ಇಂಜಿನ್ ತಣ್ಣಗಿದ್ದಾಗ ಜೋರಾಗಿ ಬಂದು, ಬಿಸಿಯಾದ ಮೇಲೆ ಪೂರ್ತಿ ಮಾಯವಾಗುವ ಟಿಕ್ ಟಿಕ್‌ಗೆ ಕಾರಣಗಳು ಕಡಿಮೆ. ಟ್ಯಾಪೆಟ್ ಎರಡು ಸಲ ಸರಿ ಮಾಡಿದರೂ ಹೋಗಿಲ್ಲ ಅಂದಮೇಲೆ ನನ್ನ ಮೊದಲ ಅನುಮಾನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ. ಇಂಜಿನ್ ಹೆಡ್‌ನಿಂದ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಭಾಗ ಅದು. ಹೆಡ್‌ಗೂ ಅದಕ್ಕೂ ನಡುವೆ ಸಂದು ಸೋರದ ಹಾಗೆ ಒಂದು ಗ್ಯಾಸ್ಕೆಟ್ ಇರುತ್ತದೆ. ಆ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಸುಟ್ಟಿದ್ದರೆ, ಅಥವಾ ಒಂದು ನಟ್ಟು ಸಡಿಲಾಗಿದ್ದರೆ, ಅಲ್ಲಿಂದ ಹೊಗೆ ಪುಸ್ ಪುಸ್ ಅಂತ ಹೊರಗೆ ನುಗ್ಗುತ್ತದೆ. ಹತ್ತಿರ ನಿಂತವರಿಗೆ ಅದು ಟಿಕ್ ಟಿಕ್ ಅಂತಲೇ ಕೇಳಿಸುವುದು. ಇಂಜಿನ್ ಬಿಸಿಯಾದಂತೆ ಲೋಹ ಹಿಗ್ಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ರಾತ್ರಿ ತಣ್ಣಗಾಗಿ ಬೆಳಿಗ್ಗೆ ಮತ್ತೆ ಶುರು.

ನಿಮ್ಮ ಮೆಕ್ಯಾನಿಕ್‌ನ ಬೈಯಬೇಡಿ. ಇದು ಟ್ಯಾಪೆಟ್ ಥರವೇ ಕೇಳುವುದಕ್ಕೆ ಕಾರಣ ಇದೆ. ಇಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಟ್ಯಾಪೆಟ್ ಒತ್ತುವ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ಹಾಕುತ್ತದೆ. ಹಾಗಾಗಿ ಇಂಜಿನ್ 800 ಆರ್‌ಪಿಎಂನಲ್ಲಿ (ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು) ಸುಮ್ನೆ ಓಡುತ್ತಿದ್ದರೆ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಸಲ ಬಡಿಯುತ್ತದೆ. ಒಂದು ಸಿಲಿಂಡರ್ ಹೊಗೆ ಉಗುಳುವುದೂ ನಿಮಿಷಕ್ಕೆ ಅದೇ 400 ಸಲ. ತಾಳ ಒಂದೇ. ಕಿವಿ ಮೋಸ ಹೋಗುತ್ತದೆ. ನಾನೂ ಒಮ್ಮೆ ಹೀಗೇ ವಾಲ್ವ್ ಕವರ್ ಬಿಚ್ಚಿ ಎರಡು ದಿನ ಟ್ಯಾಪೆಟ್ ಗ್ಯಾಪ್ ಅಳೆಯುತ್ತಾ ಕೂತಿದ್ದೆ. ಮೂರನೆಯ ದಿನ ಟೀ ತಂದ ಹುಡುಗ ‘ಅಣ್ಣ, ಇಲ್ಲೇನು ಇಷ್ಟು ಮಸಿ’ ಅಂತ ಮ್ಯಾನಿಫೋಲ್ಡ್ ಕಡೆ ಬೆರಳು ತೋರಿಸಿದ.

ಹಾಗಾದರೆ ಪತ್ತೆ ಹೇಗೆ? ಮೊದಲು ಸ್ಪಾರ್ಕ್ ಪ್ಲಗ್ ನೋಡಿಸಿ. ಸಡಿಲಾದ ಪ್ಲಗ್ ಕೂಡ ಹೀಗೇ ಟಿಕ್ ಟಿಕ್ ಅನ್ನುತ್ತದೆ, ನೋಡುವುದಕ್ಕೆ ಹತ್ತು ನಿಮಿಷ ಸಾಕು. ಪ್ಲಗ್ ಬಿಗಿಯಾಗಿದ್ದರೆ, ಇಂಜಿನ್ ತಣ್ಣಗಿರುವಾಗಲೇ ಮ್ಯಾನಿಫೋಲ್ಡ್ ಮೇಲಿನ ತಗಡನ್ನು ತೆಗೆಸಿ. ಅದರ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ, ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಬೆಳಿಗ್ಗೆ ಮುರಿಯದೆ ಬರುತ್ತವೆ. ಅಂದಹಾಗೆ, ಕೆಲವೊಮ್ಮೆ ಈ ತಗಡೇ ಸಡಿಲಾಗಿ ಡಬ್ಬಿಯೊಳಗೆ ಚಿಲ್ಲರೆ ಕುಲುಕಿದ ಹಾಗೆ ಜರಜರ ಅನ್ನುವುದೂ ಉಂಟು. ಒಂದು ಕ್ಲಿಪ್ ಹಾಕಿ ಬಿಗಿದರೆ ಅದು ಅಲ್ಲಿಗೆ ಮುಗಿಯಿತು. ತಗಡು ತೆಗೆದ ಮೇಲೆ ಟಾರ್ಚ್ ಬಿಟ್ಟು ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಗೆರೆಯುದ್ದಕ್ಕೂ ನೋಡಿ. ಒಂದು ಕಡೆ ಕಪ್ಪು ಮಸಿ ಬೀಸಣಿಗೆಯ ಹಾಗೆ ಹರಡಿದ್ದರೆ ಕಳ್ಳ ಸಿಕ್ಕ ಹಾಗೇ.

ಮಸಿ ಕಾಣದಿದ್ದರೆ ಇಂಜಿನ್ ಸ್ಟಾರ್ಟ್ ಮಾಡಿ, ಇನ್ನು ಕಿವಿಯ ಕೆಲಸ. ಮೂರು ಅಡಿ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಯ ಹತ್ತಿರ ಇಟ್ಟುಕೊಳ್ಳಿ, ಇನ್ನೊಂದು ತುದಿಯನ್ನು ಆ ಗೆರೆಯ ಹತ್ತಿರ ನಿಧಾನಕ್ಕೆ ಆಡಿಸಿ. ಸೋರುವ ಜಾಗ ಬಂದಾಗ ಸದ್ದು ಕಿವಿಗೆ ಹೊಡೆದ ಹಾಗೆ ಬರುತ್ತದೆ. ಉದ್ದ ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುವ ಹಳೆಯ ಉಪಾಯ ನಿಮಗೂ ಗೊತ್ತಿರಬಹುದು. ಅದು ಲೋಹಕ್ಕೆ ಲೋಹ ಬಡಿಯುವ ಸದ್ದಿಗೆ, ಬೇರಿಂಗ್ ಸದ್ದಿಗೆ ಒಳ್ಳೆಯದು. ಗಾಳಿ ಸೋರುವುದಕ್ಕೆ ಪೈಪೇ ಸರಿ. ಶಾಲು, ಸಡಿಲ ತೋಳು, ಕೊರಳ ಸರ ಏನೂ ಫ್ಯಾನು ಬೆಲ್ಟಿನ ಹತ್ತಿರ ಹೋಗಬಾರದು, ಫ್ಯಾನು ಯಾವಾಗ ಬೇಕಾದರೂ ತಾನಾಗಿ ತಿರುಗುತ್ತದೆ. ಇದೆಲ್ಲ ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ, ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ.

ಇನ್ನೊಂದು ಪರೀಕ್ಷೆ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಇಂಜಿನ್ ಆಫ್ ಮಾಡಿ ಒಂದು ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರು ಕನೆಕ್ಟರ್ ತೆಗೆಯಬೇಕು, ಸ್ಟಾರ್ಟ್ ಮಾಡಿ ಕೇಳಬೇಕು, ಮತ್ತೆ ಹಾಕಿ ಇನ್ನೊಂದನ್ನು ತೆಗೆಯಬೇಕು. ಹೊಗೆ ಸೋರುತ್ತಿರುವ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದಿದ್ದರೆ ಟಿಕ್ ಟಿಕ್ ತಗ್ಗುತ್ತದೆ. ಟ್ಯಾಪೆಟ್ ಆಗಿದ್ದರೆ ಯಾವುದನ್ನು ತೆಗೆದರೂ ಅದರ ಪಾಡಿಗೆ ಅದು ಬಡಿಯುತ್ತಲೇ ಇರುತ್ತದೆ. ಬೇಗ ಬೇಗ ಮುಗಿಸಿ, ಯಾಕೆಂದರೆ ಬೆಳಿಗ್ಗೆ ಒಂದು ಸಲ ಬಿಸಿಯಾದರೆ ಸದ್ದೇ ಇರುವುದಿಲ್ಲ, ಮತ್ತೆ ನಾಳೆವರೆಗೆ ಕಾಯಬೇಕು. ನಿಜ ಹೇಳಬೇಕೆಂದರೆ ನಿಮ್ಮ ಗ್ಯಾರೇಜಿನಲ್ಲಿ ಇದು ತಪ್ಪಿಹೋಗಿದ್ದೂ ಹೀಗೇ ಇರಬೇಕು. ನೀವು ಮನೆಯಿಂದ ಓಡಿಸಿಕೊಂಡು ಹೋಗುವಷ್ಟರಲ್ಲಿ ಇಂಜಿನ್ ಬಿಸಿ. ಹಿಂದಿನ ಸಂಜೆಯೇ ಕಾರು ಅಲ್ಲಿ ಬಿಟ್ಟು ಬನ್ನಿ. ಜೊತೆಗೆ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅದನ್ನು ನಿಧಾನಕ್ಕೆ ಓಡಿಸಿ ಕೇಳಿದರೆ ಬಡಿತ ಎಣಿಸುವುದಕ್ಕೂ ಆಗುತ್ತದೆ.

ಗ್ಯಾಸ್ಕೆಟ್ ಅಂತ ಖಾತ್ರಿಯಾದರೆ ಕೆಲಸ ದೊಡ್ಡದೇನಲ್ಲ, ಹೆಡ್ ಬಿಚ್ಚುವ ಖರ್ಚಿನ ಮುಂದೆ ಸಣ್ಣದು. ಹೊಸ ಗ್ಯಾಸ್ಕೆಟ್ಟೇ ಹಾಕಿಸಿ, ಹಳೆಯದಕ್ಕೆ ಪೇಸ್ಟ್ ಬಳಿದು ಕೂರಿಸುವುದು ಬೇಡ. ಮ್ಯಾನಿಫೋಲ್ಡ್ ಬಿಚ್ಚಿದಾಗ ಅದರ ಮುಖ ಬಾಗಿದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಬೇಕು, ಬಾಗಿದ್ದರೆ ಲೇತಿನವರ ಹತ್ತಿರ ಮಟ್ಟ ಮಾಡಿಸಬೇಕು. ಬೀಡು ಕಬ್ಬಿಣದ್ದಾದರೆ ಬಿರುಕೂ ಇರಬಹುದು. ಕಾದ ಮ್ಯಾನಿಫೋಲ್ಡ್ ಮೇಲೆ ರಸ್ತೆಯ ತಣ್ಣೀರು ರಪ್ಪಂತ ಬಿದ್ದರೆ ಹಾಗಾಗುವುದುಂಟು, ನಿಮ್ಮದು ಮಳೆಗಾಲದ ನಂತರ ಶುರುವಾಗಿದ್ದು ಅಂತ ಹೇಳಿದ್ದಕ್ಕೆ ಹೇಳಿದೆ. ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಹೋಗುತ್ತಾ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು, ಟಾರ್ಕ್ ಸ್ಪ್ಯಾನರಿನಲ್ಲಿ, ಕಂಪನಿ ಹೇಳಿದ ಅಳತೆಗೆ. ಕೈ ಅಂದಾಜಿನಲ್ಲಿ ಒಂದೇ ಏಟಿಗೆ ಬಿಗಿದರೆ ಆರು ತಿಂಗಳಿಗೆ ಮತ್ತೆ ನನಗೇ ಪತ್ರ ಬರೆಯುತ್ತೀರಿ. ಕಷ್ಟ ಇರುವುದು ನಟ್ಟು ಕೂರುವ ಸ್ಟಡ್ ತುಕ್ಕು ಹಿಡಿದು ಹೆಡ್ಡಿನೊಳಗೇ ಮುರಿದರೆ. ಆಗ ಡ್ರಿಲ್ ಹಾಕಿ ತೆಗೆಯಬೇಕು, ಕೂಲಿ ಜಾಸ್ತಿಯಾಗುತ್ತದೆ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಅಲ್ಲಿಯವರೆಗೆ ಓಡಿಸಬಹುದಾ? ಹತ್ತಿರಕ್ಕೆ ಪರವಾಗಿಲ್ಲ. ಆದರೆ ಕಾರಿನೊಳಗೆ ಹೊಗೆ ವಾಸನೆ ಬಂದರೆ, ತಲೆ ನೋವು ಬಂದರೆ, ಗ್ಲಾಸ್ ಇಳಿಸಿ, ನಿಲ್ಲಿಸಿ, ಕೆಳಗಿಳಿಯಿರಿ. ನಿಮ್ಮ ಸದ್ದು ಬಿಸಿಯಾದರೆ ಹೋಗುತ್ತದೆ, ಅದು ಸಮಾಧಾನದ ವಿಷಯ. ಇದಕ್ಕೆ ಉಲ್ಟಾ, ಬಿಸಿಯಾದಂತೆ ಜೋರಾಗುವ, ಘಾಟಿ ಹತ್ತುವಾಗ ಕೆಳಗಿನಿಂದ ಧಡ್ ಧಡ್ ಅಂತ ಬರುವ ಸದ್ದು ಕೇಳಿದರೆ, ಅದರ ಜೊತೆ ಆಯಿಲ್ ದೀಪವೂ ಹತ್ತಿಕೊಂಡರೆ, ಮುಂದಿನ ಊರಿನವರೆಗೆ ಹೋಗೋಣ ಅನ್ನಬೇಡಿ. ಅಲ್ಲೇ ಆಫ್ ಮಾಡಿ ಟೋ ಮಾಡಿಸಿ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದರೆ ಇಂಜಿನ್ನೇ ಹೋದ ಹಾಗೆ.

ಪ್ರಶ್ನೆ: ಬೆಳಿಗ್ಗೆ ಕಾರು ತೆಗೆದರೆ ಇಡೀ ಅಪಾರ್ಟ್‌ಮೆಂಟ್ ಏಳುವ ಹಾಗೆ ಕೀಚ್ ಅನ್ನುತ್ತದೆ. ಬೆಲ್ಟ್ ಎರಡು ಸಲ ಬದಲಾಯಿಸಿದ್ದೇನೆ. ತಿಂಗಳಿಗೆ ಮತ್ತೆ ಶುರು.
– ಬೆಂಗಳೂರಿನ ಓದುಗರು

ಉತ್ತರ: ಬೆಲ್ಟ್ ಬಿಡಿ, ಅದು ಪಾಪ. ಸದ್ದು ಬರುತ್ತಿರುವಾಗ ಒಂದು ಸ್ಪ್ರೇ ಬಾಟಲಿಯಲ್ಲಿ ಬೆಲ್ಟಿನ ಗೀರು ಇರುವ ಬದಿಗೆ ಸ್ವಲ್ಪ ನೀರು ಚಿಮುಕಿಸಿ, ಕೈ ದೂರ ಇರಲಿ. ನೀರು ಬಿದ್ದ ಕೂಡಲೇ ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ನೀರು ಬಿದ್ದ ಮೇಲೆ ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ನೋಡಿಸಿ. ನೀರಿಗೆ ಕ್ಯಾರೇ ಅನ್ನದೆ ಗುಂಯ್ ಅನ್ನುತ್ತಿದ್ದರೆ ಆಲ್ಟರ್ನೇಟರ್ ಅಥವಾ ವಾಟರ್ ಪಂಪಿನ ಬೇರಿಂಗ್ ಇರಬಹುದು. ಬೆಲ್ಟಿಗೆ ಹಾಕುವ ಸ್ಪ್ರೇ ಅಂತ ಮಾರುತ್ತಾರಲ್ಲ, ಅದನ್ನು ಹಾಕಬೇಡಿ, ಒಂದು ವಾರ ಬಾಯಿ ಮುಚ್ಚಿಸುತ್ತದೆ ಅಷ್ಟೇ.

ಪ್ರಶ್ನೆ: ಎಸಿ ಫ್ಯಾನ್ ಎರಡಕ್ಕೆ ಇಟ್ಟರೆ ಮುಂದಿನಿಂದ ಕಟಕಟ ಅಂತ ಸದ್ದು. ಇಂಜಿನ್ ಹೋಯಿತಾ ಅಂತ ಮನೆಯವರಿಗೆಲ್ಲ ಗಾಬರಿ.
– ಶಿರಸಿಯ ಓದುಗರು

ಉತ್ತರ: ಫ್ಯಾನ್ ಆಫ್ ಮಾಡಿದರೆ ನಿಲ್ಲುತ್ತದೆ ಅಲ್ವಾ? ಹಾಗಿದ್ದರೆ ಇಂಜಿನ್ ಸುದ್ದಿ ಬಿಡಿ. ಗ್ಲೋವ್ ಬಾಕ್ಸ್ ಬಿಚ್ಚಿ, ಎಸಿ ಫಿಲ್ಟರ್ ತೆಗೆದು ಬ್ಲೋವರ್ (ಅದೇ ಆ ಫ್ಯಾನ್) ಒಳಗೆ ಕೈ ಹಾಕಿ ನೋಡಿ. ನಿಮ್ಮ ಕಡೆಯ ಕಾರುಗಳಲ್ಲಿ ನನಗೆ ಅಲ್ಲಿ ಸಿಕ್ಕಿದ್ದು ಜಾಸ್ತಿ ಅಡಿಕೆಯೇ. ಇಲಿ ತಂದು ಇಟ್ಟಿರುತ್ತದೆ. ಹಾಗೇ ಬಾನೆಟ್ ತೆಗೆದು ಇಂಜಿನ್ನಿನ ಏರ್ ಫಿಲ್ಟರ್ ಡಬ್ಬಿಯನ್ನೂ ನೋಡಿಬಿಡಿ, ವೈರು ಕಡಿದಿದ್ದರೆ ಅದನ್ನು ಸರಿ ಮಾಡಿಸುವವರೆಗೆ ದೂರ ಹೋಗಬೇಡಿ.