ಓದುಗರ ಪ್ರಶ್ನೆ: ಸಾಯಲು ಹೋದವರು, ವಾಪಸ್ ಬಂದವರು

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ವಿಮಾನ ಸಮೇತ ಶತ್ರು ಹಡಗಿಗೆ ಗುದ್ದಿ ಸತ್ತ ಕಾಮಿಕಾಜೆ ಪೈಲಟ್‌ಗಳೆಲ್ಲ ತಾವಾಗಿಯೇ ಮುಂದೆ ಬಂದವರೇ? ಜಪಾನಿನವರಿಗೆ ಅದು ಸಮುರಾಯ್ ರಕ್ತದಲ್ಲೇ ಬಂದದ್ದು ಅಂತಾರಲ್ಲ?

ಉತ್ತರ: ಮೊದಲು ಆ ರಕ್ತದ ಮಾತನ್ನು ಪಕ್ಕಕ್ಕಿಡೋಣ. ಸಮುರಾಯ್‌ಗಳು ಅಂದರೆ ಹಳೇ ಕಾಲದ ಯೋಧರ ವರ್ಗ, ಆ ದೇಶದ ಜನರಲ್ಲಿ ಚೂರೇ ಚೂರು ಪಾಲು. ಮಿಕ್ಕವರೆಲ್ಲ ಗದ್ದೆ ಮಾಡುವವರು, ಮೀನು ಹಿಡಿಯುವವರು, ಅಂಗಡಿ ಇಟ್ಟವರು. 1873ರಲ್ಲಿ ಕಡ್ಡಾಯ ಸೈನ್ಯ ಸೇವೆ ಬಂದಾಗ ಇವರ ಮಕ್ಕಳನ್ನೇ ಸಿಪಾಯಿ ಮಾಡಬೇಕಾಯಿತು. ಆ ಪ್ರಕಟಣೆಯಲ್ಲಿ 'ರಕ್ತ ತೆರಿಗೆ' ಅನ್ನುವ ಮಾತೊಂದು ಸೇರಿಕೊಂಡಿತ್ತು. ಸರ್ಕಾರ ನಿಜವಾಗಿಯೂ ಮೈಯಿಂದ ರಕ್ತ ತೆಗೆಯುತ್ತೆ ಅಂತ ಗಾಳಿಸುದ್ದಿ ಹಬ್ಬಿ, ಹಲವು ಕಡೆ ಹಳ್ಳಿಯವರು ದಂಗೆಯೆದ್ದರು. ಸಾಯೋಕೆ ಅಂತಲೇ ಹುಟ್ಟಿದ ಜನ ಹೀಗೆ ಮಾಡ್ತಾರಾ?

ಇದು ಕಲಿಸಿದ್ದು. 1882ರಲ್ಲಿ ಚಕ್ರವರ್ತಿಯ ಹೆಸರಲ್ಲಿ ಸೈನಿಕರಿಗೆ ಒಂದು ಆದೇಶ ಬಂತು. ಕರ್ತವ್ಯ ಬೆಟ್ಟಕ್ಕಿಂತ ಭಾರ, ಸಾವು ಹಕ್ಕಿಯ ಗರಿಗಿಂತ ಹಗುರ ಅನ್ನೋದು ಅದರಲ್ಲೇ ಇರೋದು. ಬ್ಯಾರಕ್ಕಿನಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅರವತ್ತು ವರ್ಷ ಇದನ್ನೇ ಹೇಳಿಸಿದ ಮೇಲೆ ಇದು ನಮ್ಮ ಪುರಾತನ ಗುಣ ಅಂತ ಅವರಿಗೇ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ತಾವಾಗಿಯೇ ಬಂದರಾ ಅನ್ನೋದು. ಅಡ್ಮಿರಲ್ ಓನಿಶಿ ಈ ಪಡೆಯನ್ನು ಕಟ್ಟಿದ್ದು 1944ರ ಅಕ್ಟೋಬರ್‌ನಲ್ಲಿ, ಫಿಲಿಪ್ಪೀನ್ಸ್‌ನಲ್ಲಿ. ಮೊದಲ ತಂಡದ ಮುಂದಾಳು ಯುಕಿಯೊ ಸೆಕಿಗೆ 23 ವರ್ಷ, ಹೊಸದಾಗಿ ಮದುವೆಯಾಗಿತ್ತು. ನಡುರಾತ್ರಿ ಕರೆಸಿ, ಮುಂದಾಳು ಆಗ್ತೀಯಾ ಅಂತ ಕೇಳಿದರು. ಕೇಳಿದ್ದು ನಿಜ, ಸುಳ್ಳಲ್ಲ. ಆದರೆ ಸೈನ್ಯದಲ್ಲಿ ಮೇಲಧಿಕಾರಿ ನಡುರಾತ್ರಿ ಎದುರು ಕೂರಿಸಿಕೊಂಡು ಕೇಳಿದ ಪ್ರಶ್ನೆಗೆ ಉತ್ತರ ಒಂದೇ ಅಲ್ವಾ? ಆಮೇಲೆ ಕೆಲವು ಕಡೆ ಹುಡುಗರ ಕೈಗೆ ಕಾಗದ ಕೊಟ್ಟರು: 'ಬಹಳ ಇಷ್ಟ', 'ಇಷ್ಟ', 'ಇಷ್ಟವಿಲ್ಲ', ಇದರಲ್ಲಿ ಒಂದನ್ನು ಆರಿಸಿ, ಕೆಳಗೆ ಹೆಸರು ಬರೆಯಬೇಕು. ಮನಸಾರೆ ಹೋದವರು ಖಂಡಿತ ಇದ್ದರು, ಅವರನ್ನು ಸುಳ್ಳು ಮಾಡೋದು ಬೇಡ. ಆದರೆ ಪಕ್ಕದಲ್ಲಿ ಕೂತ ಗೆಳೆಯ 'ಬಹಳ ಇಷ್ಟ' ಅಂತ ಬರೆಯೋದನ್ನು ನೋಡಿ ಕೈ ನಡುಗುತ್ತಾ ತಾನೂ ಅದನ್ನೇ ಬರೆದವರನ್ನು ಯಾವ ಲೆಕ್ಕಕ್ಕೆ ಹಾಕೋಣ, ನೀವೇ ಹೇಳಿ.

ಪ್ರಶ್ನೆ: ಹಳೇ ಫೋಟೋ ಒಂದರಲ್ಲಿ ಜಪಾನಿನ ಹೆಂಗಸರು ಬೀದಿಯಲ್ಲಿ ನಿಂತು ಬಿಳಿ ಬಟ್ಟೆಗೆ ಏನೋ ಹೊಲಿಯುತ್ತಿದ್ದರು. ಏನದು?

ಉತ್ತರ: ಅದು ಸೆನ್ನಿನ್‌ಬರಿ, ಅಂದರೆ ಸಾವಿರ ಜನರ ಹೊಲಿಗೆ. ಸೈನ್ಯಕ್ಕೆ ಬಾ ಅನ್ನುವ ಕೆಂಪು ಕಾಗದ ಮಗನಿಗೆ ಬಂದ ತಕ್ಷಣ ತಾಯಿಯೋ ಅಕ್ಕನೋ ರೈಲು ನಿಲ್ದಾಣದ ಮುಂದೆ ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ಹೋಗಿ ಬರುವ ಹೆಂಗಸರು ಕೆಂಪು ದಾರದಲ್ಲಿ ಒಬ್ಬೊಬ್ಬರು ಒಂದೊಂದು ಗಂಟು ಹಾಕಬೇಕು. ಸಾವಿರ ಆದರೆ ಅದು ರಕ್ಷೆ, ಹುಡುಗ ಸೊಂಟಕ್ಕೆ ಸುತ್ತಿಕೊಂಡು ಹೋಗುತ್ತಾನೆ. ಅಲ್ಲಿನ ಪಂಚಾಂಗದ ಹುಲಿ ವರ್ಷದಲ್ಲಿ ಹುಟ್ಟಿದ ಹೆಂಗಸಿಗೆ ಮಾತ್ರ ರಿಯಾಯಿತಿ, ವಯಸ್ಸು ಎಷ್ಟೋ ಅಷ್ಟು ಗಂಟು ಹಾಕಬಹುದು. ಯಾಕೆ ಅಂದರೆ ಹುಲಿ ಎಷ್ಟೇ ದೂರ ಹೋದರೂ ವಾಪಸ್ ಬರುತ್ತೆ ಅಂತ ನಂಬಿಕೆ.

ಕೆಲವರು ಬಟ್ಟೆಗೆ ಐದು ಸೆನ್ (ನಮ್ಮ ಪೈಸೆಯ ಹಾಗೆ) ನಾಣ್ಯವನ್ನೂ ಹೊಲಿಯುತ್ತಿದ್ದರು. 'ಶಿಸೆನ್' ಅಂದರೆ ನಾಲ್ಕು ಸೆನ್, ಹಾಗೇ ಉಚ್ಚರಿಸುವ ಇನ್ನೊಂದು ಪದಕ್ಕೆ ಸಾವಿನ ಗೆರೆ ಅಂತ ಅರ್ಥ. ಐದು ಇದ್ದರೆ ನಾಲ್ಕನ್ನು ದಾಟಿದ ಹಾಗೆ! ಬೀದಿಯಲ್ಲಿ ಬಾವುಟ ಬೀಸಿ, ದೇಶಕ್ಕಾಗಿ ಪ್ರಾಣ ಕೊಡು ಅಂತ ಕಳಿಸಿದ ತಾಯಿಯೇ ಮಗನ ಅಂಗಿಯೊಳಗೆ ಕಟ್ಟಿದ್ದು ಇದನ್ನು. ನಾನಂತೂ ಬಾವುಟಕ್ಕಿಂತ ಆ ನಾಣ್ಯವನ್ನೇ ಜಾಸ್ತಿ ನಂಬುತ್ತೇನೆ.

ಪ್ರಶ್ನೆ: ಇಷ್ಟು ಪ್ರಾಣ ಕೊಟ್ಟಿದ್ದಕ್ಕೆ ಏನಾದರೂ ಲಾಭ ಆಯಿತೇ?

ಉತ್ತರ: ನಷ್ಟ ಮಾಡಿದ್ದು ಹೌದು. 1945ರ ಮೇ 11ರಂದು 'ಬಂಕರ್ ಹಿಲ್' ಅನ್ನುವ ಒಂದೇ ಹಡಗಿನಲ್ಲಿ 400ರ ಹತ್ತಿರ ಅಮೆರಿಕನ್ನರು ಸತ್ತರು. ಆದರೆ ದೊಡ್ಡ ವಿಮಾನವಾಹಕ ನೌಕೆಯಾಗಲಿ ಬ್ಯಾಟಲ್‌ಶಿಪ್ ಆಗಲಿ ಒಂದನ್ನೂ ಮುಳುಗಿಸೋಕೆ ಆಗಲಿಲ್ಲ. ಯುದ್ಧದ ದಿಕ್ಕು ಬದಲಾಗಲಿಲ್ಲ.

ಪ್ರಶ್ನೆ: ಸೆರೆ ಸಿಕ್ಕರೆ ಏನಾಗುತ್ತಿತ್ತು?

ಉತ್ತರ: 1941ರ ಜನವರಿಯಲ್ಲಿ ಸೈನ್ಯದ ಮಂತ್ರಿ ತೋಜೊ ಹೆಸರಲ್ಲಿ ಒಂದು ಪುಟ್ಟ ಪುಸ್ತಕ ಹೊರಟಿತು, 'ಸೆಂಜಿನ್‌ಕುನ್' ಅಂತ. ಜೀವಂತ ಸೆರೆ ಸಿಕ್ಕಿ ಅವಮಾನ ಪಡಬೇಡಿ ಅಂತ ಅದರಲ್ಲಿ ಬರೆದಿತ್ತು. ಇದು ಹೇಗೆ ಕೆಲಸ ಮಾಡಿತು ಅನ್ನೋಕೆ ಒಂದು ಚಿತ್ರದ ಕತೆ ಸಾಕು. ಅದೇ ವರ್ಷ ಡಿಸೆಂಬರ್‌ನಲ್ಲಿ ಹವಾಯಿಯ ಅಮೆರಿಕನ್ ನೌಕಾನೆಲೆ ಪರ್ಲ್ ಹಾರ್ಬರ್‌ ಮೇಲಿನ ದಾಳಿಗೆ ಐದು ಪುಟ್ಟ ಸಬ್‌ಮರೀನ್ ಹೋದವು, ಒಂದೊಂದರಲ್ಲಿ ಇಬ್ಬರು. ಆಮೇಲೆ ಸರ್ಕಾರ 'ಯುದ್ಧದೇವರು' ಅಂತ ಪೂಜೆಗಿಟ್ಟ ಚಿತ್ರದಲ್ಲಿ ಇದ್ದದ್ದು ಒಂಬತ್ತೇ ಮುಖ. ಐದೆರಡಲ ಹತ್ತು ಅಂತ ಲೆಕ್ಕ ಹಾಕಿದವರು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಹತ್ತನೆಯವನು ಕಜುವೊ ಸಕಾಮಾಕಿ. ದಿಕ್ಸೂಚಿ ಕೆಟ್ಟಿತು, ಸಬ್‌ಮರೀನ್ ಬಂಡೆಗೆ ಸಿಕ್ಕಿಕೊಂಡಿತು, ಇವನು ಅಲ್ಲಿನ ಒಆಹು ದ್ವೀಪದ ದಡಕ್ಕೆ ತೇಲಿಬಂದು ಸೆರೆಸಿಕ್ಕ. ಸಾಯೋಕೆ ಬಿಡಿ ಅಂತ ಕೇಳಿಕೊಂಡ, ಅಮೆರಿಕನ್ನರು ಬಿಡಲಿಲ್ಲ. ಯುದ್ಧ ಮುಗಿದು ಊರಿಗೆ ಬಂದ ಮೇಲೆ, ಇನ್ನೂ ಯಾಕೆ ಬದುಕಿದ್ದೀಯ ಅಂತ ಕಾಗದ ಬರೆದವರೂ ಇದ್ದರು. ಆದರೂ ಬದುಕಿದ, ಟೊಯೊಟಾ ಕಂಪನಿ ಸೇರಿ ಬ್ರೆಜಿಲ್‌ವರೆಗೂ ಹೋದ.

ಅಂದ ಹಾಗೆ, ಸೆರೆ ಸಿಕ್ಕಬೇಡಿ ಅಂದ ತೋಜೊ ಏನಾದರು? 1945ರ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ನರು ಬಾಗಿಲಿಗೆ ಬಂದಾಗ ಎದೆಗೆ ಗುಂಡು ಹೊಡೆದುಕೊಂಡರು, ಗುಂಡು ಹೃದಯ ತಪ್ಪಿತು. ಅಮೆರಿಕನ್ ಡಾಕ್ಟರುಗಳೇ ಬದುಕಿಸಿದರು. ಕೈದಿಯಾಗಿ ಮೂರು ವರ್ಷ ಇದ್ದು, 1948ರ ಡಿಸೆಂಬರ್‌ನಲ್ಲಿ ನೇಣಿಗೇರಿದರು.

ಪ್ರಶ್ನೆ: ಯುದ್ಧ ಮುಗಿದದ್ದನ್ನು ನಂಬದೆ 1974ರವರೆಗೆ ಫಿಲಿಪ್ಪೀನ್ಸ್ ಕಾಡಿನಲ್ಲೇ ಇದ್ದ ಜಪಾನಿ ಸೈನಿಕ ಓನೊಡ ಕೂಡ ಇದೇ ತ್ಯಾಗದ ಲೆಕ್ಕವೇ?

ಉತ್ತರ: ಒಂದು ತಮಾಷೆ ನೋಡಿ, ಅವನಿಗೆ ಕೊಟ್ಟಿದ್ದ ಆದೇಶ ಉಲ್ಟಾ: ಪ್ರಾಣ ಕಳೆದುಕೊಳ್ಳಬೇಡ, ಏನೇ ಆದರೂ ಉಳಿದುಕೋ ಅಂತ. ಅದನ್ನೂ ಚಾಚೂ ತಪ್ಪದೆ ಪಾಲಿಸಿದ. ಹಳೇ ಮೇಜರ್ ಲುಬಾಂಗ್ ದ್ವೀಪಕ್ಕೇ ಬಂದು ಆದೇಶ ರದ್ದು ಅಂತ ಓದಿದ ಮೇಲೆಯೇ ಬಂದೂಕು ಇಳಿಸಿದ್ದು. ಅವನನ್ನು ಕೊಂಡಾಡುವವರು ಆ ದ್ವೀಪದವರನ್ನು ಮರೆಯುತ್ತಾರೆ. ಅವನ ಗುಂಪಿನ ಕೈಯಲ್ಲಿ ಅಲ್ಲಿನ ಸುಮಾರು 30 ಜನ ಸತ್ತಿದ್ದರು.

ಪ್ರಶ್ನೆ: ಕಾಮಿಕಾಜೆಗೆ ಹೋಗಿ ಬದುಕಿ ಬಂದವರು ಯಾರಾದರೂ ಇದ್ದಾರೆಯೇ?

ಉತ್ತರ: ಎಂಜಿನ್ ಕೆಟ್ಟು, ಹವಾ ಕೆಟ್ಟು ವಾಪಸ್ ಬಂದವರು ಬಹಳ ಮಂದಿ. ಅಂಥವರನ್ನು ಫುಕುಒಕಾದ ಒಂದು ಕಟ್ಟಡದಲ್ಲಿ ಕೂಡಿಹಾಕಿ ಹೀಯಾಳಿಸುತ್ತಿದ್ದರು. ಆದರೆ ನನಗೆ ಇಷ್ಟವಾದವನು ತೊಮೊಜಿ ಸಸಾಕಿ. ಹೊಕ್ಕೈಡೊ ಕಡೆಯ ಹುಡುಗ, 21 ವರ್ಷ. ಅವರ ತಂಡದ ಬಾಂಬರ್‌ಗಳ ಮೂತಿಗೆ ಕೊಂಬಿನ ಹಾಗೆ ಉದ್ದನೆಯ ಮೂರು ಸಲಾಕೆ ಇದ್ದವು. ಅವು ಹಡಗಿಗೆ ತಾಗಿದರೆ ಹೊಟ್ಟೆಯಲ್ಲಿರುವ 800 ಕಿಲೋ ಬಾಂಬು ಸಿಡಿಯಬೇಕು. ಬಾಂಬನ್ನು ಕೆಳಗೆ ಬಿಡುವ ಏರ್ಪಾಡೇ ಇರಲಿಲ್ಲ. ತಂಡದ ನಾಯಕ ಇವಾಮೊತೊಗೆ ಇದು ಸರಿಕಾಣಲಿಲ್ಲ. ಬಾಂಬು ಹಾಕಿ ಬಂದರೆ ಇನ್ನೊಂದು ಸಲ ಹೋಗಬಹುದಲ್ಲ, ಒಂದೇ ಸಲಕ್ಕೆ ಪೈಲಟ್‌ನನ್ನೂ ಕಳೆದುಕೊಳ್ಳೋದು ಯಾಕೆ? ಮೆಕ್ಯಾನಿಕ್‌ಗಳಿಗೆ ಹೇಳಿ ಬಾಂಬು ಬಿಡುವ ಹಾಗೆ ಬದಲಾಯಿಸಿದರು. ಮೊದಲ ದಾಳಿಗೂ ಮುಂಚೆಯೇ ಇವಾಮೊತೊ ಅವರ ವಿಮಾನವನ್ನು ಅಮೆರಿಕನ್ನರು ಹೊಡೆದುರುಳಿಸಿದರು, ಆದರೆ ಬಾಂಬು ಬಿಡುವ ಏರ್ಪಾಡು ಉಳಿಯಿತು.

ಸಸಾಕಿ ಬಾಂಬು ಹಾಕಿದ, ಬೇರೆ ಕಡೆ ಇಳಿದ, ವಾಪಸ್ ಬಂದ. ಅಷ್ಟರಲ್ಲಿ ಅವನು ಬ್ಯಾಟಲ್‌ಶಿಪ್ ಮುಳುಗಿಸಿ ಸತ್ತ ಅಂತ ಪ್ರಕಟಣೆ ಹೊರಟು, ಚಕ್ರವರ್ತಿಯ ಕಿವಿಗೂ ಬಿದ್ದಿತ್ತು, ಊರಲ್ಲಿ ಶವಸಂಸ್ಕಾರವೂ ನಡೆದಿತ್ತು. ಈಗ ಅವನು ಬದುಕಿರೋದೇ ತೊಂದರೆ. ಮತ್ತೆ ಕಳಿಸಿದರು, ಮತ್ತೆ ಬಂದ. ಹೀಗೆ ಒಂಬತ್ತು ಸಲ ಆದೇಶ, ಒಂಬತ್ತು ಸಲವೂ ಜೀವಂತ.

ಅವರನ್ನು ಕಳಿಸುತ್ತಿದ್ದ ದೊಡ್ಡ ಅಧಿಕಾರಿ ಜನರಲ್ ತೊಮಿನಾಗ. ನಿಮ್ಮ ಹಿಂದೆ ನಾನೂ ಬರುತ್ತೇನೆ ಅಂತ ಹುಡುಗರ ಕೈ ಹಿಡಿದು ಹೇಳುತ್ತಿದ್ದವರು. 1945ರ ಜನವರಿಯಲ್ಲಿ ಅಮೆರಿಕನ್ ಸೈನ್ಯ ಹತ್ತಿರ ಬಂದಾಗ ವಿಮಾನ ಹತ್ತಿ ತೈವಾನ್‌ಗೆ ಹೋದರು. ಸಸಾಕಿ ಫಿಲಿಪ್ಪೀನ್ಸ್‌ನ ಬೆಟ್ಟಗಳಲ್ಲೇ ಉಳಿದ. ಯುದ್ಧ ಮುಗಿದ ಮೇಲೆ ಹೊಕ್ಕೈಡೊಗೆ ಬಂದು ಬೇಸಾಯ ಮಾಡಿಕೊಂಡಿದ್ದು, 2016ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡ.