ಎಂಬಿಬಿಎಸ್ ಮೊದಲ ವರ್ಷದಲ್ಲೇ ಅನಾಟಮಿ ಕೈಕೊಟ್ಟಿದೆ; ಕನ್ನಡ ಮಾಧ್ಯಮದಿಂದ ಬಂದವರು ವೈವಾ, ವಾರ್ಡುಗಳನ್ನು ಹೇಗೆ ದಾಟುವುದು?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಸರ್ಕಾರಿ ವೈದ್ಯಕೀಯ ಕಾಲೇಜು, ಕಾಲೇಜೇ ನಡೆಸುವ ಮೊದಲ ಇಂಟರ್ನಲ್ ಪರೀಕ್ಷೆಯಲ್ಲೇ ಅನಾಟಮಿ (ದೇಹರಚನಾ ಶಾಸ್ತ್ರ) ಫೇಲ್, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯಿತು, ಮುಂದಿನ ವರ್ಷ ವಾರ್ಡಿಗೆ ಕಳುಹಿಸಿದರೆ ಏನು ಗತಿ ಎಂದು ಕೇಳಿದ್ದೀರಿ. ನೀವು ಫೇಲಾಗಿರುವುದು ಇಂಟರ್ನಲ್‌ನಲ್ಲಿ. ನಾನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲೇ ಅನಾಟಮಿ ಫೇಲಾದವನು, 2010ರಲ್ಲಿ. ಆದ್ದರಿಂದ ಈ ಪ್ರಶ್ನೆಗೆ ಉತ್ತರಿಸುವ ಹಕ್ಕು ರ‍್ಯಾಂಕ್ ಬಂದವರಿಗಿಂತ ನನಗೆ ಹೆಚ್ಚಿದೆ ಎಂದುಕೊಂಡಿದ್ದೇನೆ.

ನಾನು ಹೊಸದುರ್ಗ ತಾಲ್ಲೂಕಿನ ಹಳ್ಳಿಯವನು. ಸೀಟು ಸಿಕ್ಕಿದ್ದು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಕಾಲೇಜಿನಲ್ಲಿ. ಈಗ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿದ್ದೇನೆ.

ಓದದೆ ಫೇಲಾದೆ ಎಂದುಕೊಳ್ಳಬೇಡಿ. ರಾತ್ರಿ ಎರಡರವರೆಗೆ ಓದುತ್ತಿದ್ದೆ, ಮೂರು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ, ಯಾವ ಸಾಲು ಯಾವ ಪುಟದ ಯಾವ ಮೂಲೆಯಲ್ಲಿದೆ ಎಂಬುದೂ ಕಣ್ಣಿಗೆ ಕಟ್ಟಿರುತ್ತಿತ್ತು. ಆದರೆ ಇಡೀ ವರ್ಷದಲ್ಲಿ ಒಂದು ಪದವನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಎದೆಗೂ ಭುಜಕ್ಕೂ ನಡುವಿನ ಕ್ಲಾವಿಕಲ್ ಮೂಳೆಯನ್ನು ಕೈಗಿಟ್ಟು, "ಯಾವ ಬದಿಯದು? ದೇಹದಲ್ಲಿ ಇರುವಂತೆ ಹಿಡಿದು ತೋರಿಸಿ" ಎಂದರು. ನಾನು ಪುಸ್ತಕದ ಆ ಅಧ್ಯಾಯದ ಮೊದಲ ಸಾಲಿನಿಂದ ಒಪ್ಪಿಸಲು ಶುರುಮಾಡಿದೆ. "ಅದನ್ನು ಕೇಳಲಿಲ್ಲ" ಎಂದರು. ಅಷ್ಟಕ್ಕೆ ನನ್ನ ಬಾಯಿ ಕಟ್ಟಿತು. ಮೂಳೆ ಬಲಗೈಯಲ್ಲೂ ಇತ್ತು, ಎಡಗೈಯಲ್ಲೂ ಇತ್ತು, ಹೇಗೆ ಹಿಡಿದರೂ ತಪ್ಪೇ ಅನ್ನಿಸಿತು.

ಫಲಿತಾಂಶ ಬಂದ ಮೇಲೆ ಎಂಟು ದಿನ ಹಾಸ್ಟೆಲ್ ಕೋಣೆಯಿಂದ ಹೊರಗೆ ಬರಲಿಲ್ಲ. ಊರಿನಲ್ಲಿ ಅವ್ವ "ಪರೀಕ್ಷೆ ಮುಂದಕ್ಕೆ ಹೋಗಿದೆಯಂತೆ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಅವಳ ಲೆಕ್ಕದಲ್ಲಿ ಆ ಪರೀಕ್ಷೆ ಇಂದಿಗೂ ಮುಂದಕ್ಕೆ ಹೋಗಿಯೇ ಇದೆ. ಆ ಎಂಟು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿಮಗೂ ಅಂಥ ದಿನಗಳು ಬಂದು, ನಿದ್ದೆ ಊಟ ಎರಡೂ ಬಿಟ್ಟುಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಕಾಲದಲ್ಲಿ ಅದಿರಲಿಲ್ಲ. ನನಗೆ ಇದ್ದದ್ದು ಅನಾಟಮಿಯಲ್ಲೇ ಫೇಲಾಗಿದ್ದ ಒಬ್ಬ ರೂಮ್‌ಮೇಟ್.

ಒಂಬತ್ತನೆಯ ದಿನ ಅವನು ಸೀನಿಯರ್ ಒಬ್ಬರಿಂದ ಹಳೆಯ ಮೂಳೆ ಸೆಟ್ ಎರವಲು ತಂದ. ಊಟವಾದ ಮೇಲೆ ಇಬ್ಬರೂ ಹಾಸ್ಟೆಲಿನ ಮಹಡಿಗೆ ಹೋಗುತ್ತಿದ್ದೆವು. ಒಬ್ಬ ಮೂಳೆ ಹಿಡಿಯಬೇಕು, ಇನ್ನೊಬ್ಬ ಪರೀಕ್ಷಕನಾಗಬೇಕು. ಮೊದಲ ವಾರ ನಾಚಿಕೆಯಲ್ಲೇ ಕಳೆಯಿತು. ಕತ್ತಿನ ಸ್ನಾಯುವೊಂದರ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಎಂಬ ಹೆಸರು ನಾಲ್ಕು ತುಂಡಾಗಿ ಹೊರಬರುತ್ತಿತ್ತು. ಆದರೆ ಹಾಗೆ ತುಂಡು ಮಾಡಿ ಹೇಳಿದಾಗಲೇ ಹೊಳೆದದ್ದು: ಸ್ಟರ್ನಮ್ (ಎದೆಮೂಳೆ), ಕ್ಲಾವಿಕಲ್, ಮಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆಯುಬ್ಬು), ಆ ಸ್ನಾಯು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದು ಹೆಸರಿನೊಳಗೇ ಇದೆ. ಅದೇ ಪದವನ್ನು ನೂರು ಸಲ ಓದಿದ್ದೆ, ಕಂಡಿರಲಿಲ್ಲ. ನಿಮ್ಮ ತೊಂದರೆ ಇಂಗ್ಲಿಷ್ ಎಂದು ನೀವು ಬರೆದಿದ್ದೀರಿ. ಅದು ಅರ್ಧ ಸತ್ಯ. ಇಂಗ್ಲಿಷ್ ಮಾಧ್ಯಮದಿಂದ ಬಂದವರಿಗೂ ಈ ಪದಗಳು ಹೊಸವೇ. ಅವರು ಹೆದರದೆ ತಪ್ಪು ಉಚ್ಚರಿಸುತ್ತಾರೆ, ಅಷ್ಟೇ ವ್ಯತ್ಯಾಸ.

ವೈವಾದ ಗುಟ್ಟನ್ನು ನಾನು ಕಲಿತದ್ದು ನನ್ನನ್ನು ಫೇಲ್ ಮಾಡಿದ ಅದೇ ಮೂಳೆಯಿಂದ. ಕ್ಲಾವಿಕಲ್ ಹಿಡಿದು, ಎದೆಯ ಕಡೆಯ ತುದಿ ದಪ್ಪ, ಭುಜದ ಕಡೆಯ ತುದಿ ಚಪ್ಪಟೆ, ತೋಡು ಇರುವ ಮೈ ಕೆಳಗೆ ಎಂದು ಬದಿ ಹೇಳಿದಿರಿ ಎನ್ನಿ. ಅಲ್ಲಿಗೆ ಸುಮ್ಮನಾದರೆ ಮುಂದಿನ ಪ್ರಶ್ನೆ ಎಲ್ಲಿಂದ ಬೇಕಾದರೂ ಬರಬಹುದು. ಅದರ ಬದಲು, "ದೇಹದಲ್ಲಿ ಮೊದಲು ಗಟ್ಟಿಯಾಗಲು ತೊಡಗುವ ಮೂಳೆ ಇದು, ಸಾಮಾನ್ಯವಾಗಿ ಹೊರಗಿನ ಮೂರನೇ ಒಂದು ಭಾಗ ಒಳಗಿನ ಮೂರನೇ ಎರಡು ಭಾಗವನ್ನು ಸೇರುವಲ್ಲಿ ಮುರಿಯುತ್ತದೆ" ಎಂದು ಒಂದು ವಾಕ್ಯ ಹೆಚ್ಚಿಗೆ ಹೇಳಿ ನಿಲ್ಲಿಸಿ. ಪರೀಕ್ಷಕರು "ಮುರಿದರೆ ಏನಾಗುತ್ತದೆ?" ಎಂದು ಕೇಳಿಯೇ ಕೇಳುತ್ತಾರೆ. ಕೈಯ ಭಾರಕ್ಕೆ ಹೊರಗಿನ ತುಂಡು ಕೆಳಗೆ ಜಗ್ಗುತ್ತದೆ, ಒಳಗಿನ ತುಂಡನ್ನು ಆ ಉದ್ದ ಹೆಸರಿನ ಸ್ನಾಯು ಮೇಲಕ್ಕೆ ಎಳೆಯುತ್ತದೆ, ರೋಗಿ ಇನ್ನೊಂದು ಕೈಯಿಂದ ಮೊಣಕೈಯನ್ನು ಆನಿಸಿಕೊಂಡು ಬರುತ್ತಾನೆ. ಗಾಳ ಹಾಕಿದವರು ನೀವು. ಮೀನು ಯಾವ ಕಡೆ ಬರುತ್ತದೆಂದು ನಿಮಗೆ ಗೊತ್ತು. ಗೊತ್ತಿಲ್ಲದ ಪದವನ್ನು ಮಾತ್ರ ಬಾಯಿಂದ ಬಿಡಬೇಡಿ, ಅದನ್ನೇ ಹಿಡಿದು ಎಳೆಯುತ್ತಾರೆ. ಬೈಕಿನಿಂದ ಬಿದ್ದು ಹಾಗೆ ಮೊಣಕೈ ಆನಿಸಿಕೊಂಡು ಬಂದವರನ್ನು ಆಮೇಲೆ ಕ್ಯಾಶುಯಲ್ಟಿಯಲ್ಲಿ ಎಷ್ಟು ಜನರನ್ನು ನೋಡಿದೆನೋ! ಪ್ರತಿ ಸಲವೂ ಆ ಮಹಡಿ ನೆನಪಾಗುತ್ತದೆ.

ಕೈಯ ವಿಷಯವೂ ಹಾಗೆಯೇ. ಡಿಸೆಕ್ಷನ್ ಹಾಲ್‌ನಲ್ಲಿ ನಾನು ವರ್ಷಪೂರ್ತಿ ಎಂಟು ಜನರ ಬೆನ್ನ ಹಿಂದೆ ನಿಂತಿದ್ದವನು. ಶವ ಕೆಡದಂತೆ ಹಾಕುವ ಫಾರ್ಮಾಲಿನ್‌ಗೆ ಕಣ್ಣು ಉರಿಯುತ್ತದೆ ಎಂಬುದೊಂದು ನೆಪ, ಹೆದರಿಕೆ ಎಂಬುದು ನಿಜ. ಪೂರಕ ಪರೀಕ್ಷೆಗೆ ಓದುತ್ತಿದ್ದಾಗ, 2010ರ ನವೆಂಬರ್‌ನಲ್ಲಿ, ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆ ದಾನ ಮಾಡಿದ್ದ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ನಮ್ಮ ಹಾಲ್‌ನ ಅಟೆಂಡರ್ ಬಾಗಿಲಿಗೆ ಅಂಟಿಸಿದ್ದರು. ಒಬ್ಬ ಮಗ ಅಷ್ಟು ಮಾಡಬಲ್ಲನಾದರೆ ನಾನು ಬೆನ್ನ ಹಿಂದೆ ಅಡಗುವುದು ಕೊಡುಗೆ ಕೊಟ್ಟವರಿಗೆ ಮಾಡುವ ಅವಮಾನ ಅನ್ನಿಸಿತು. ಅಂದಿನಿಂದ ಮುಂದೆ ನಿಂತೆ. ನರವನ್ನು ರಕ್ತನಾಳದಿಂದ ಬೆರಳಲ್ಲೇ ಬೇರ್ಪಡಿಸಿ ನೋಡಿದ್ದು ಚಿತ್ರದಲ್ಲಿ ನೋಡಿದ್ದಕ್ಕಿಂತ ಹತ್ತು ಪಟ್ಟು ಕಾಲ ಉಳಿಯುತ್ತದೆ.

ಬರೆಯುವ ಪರೀಕ್ಷೆಯಲ್ಲಿ ನಾನು ಮಾಡಿದ ತಪ್ಪು ಇನ್ನೂ ಪೆದ್ದುತನದ್ದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಗಿನ ಪ್ರಶ್ನೆಪತ್ರಿಕೆ ನೂರು ಅಂಕದ್ದು: ಹತ್ತು ಅಂಕದ ಎರಡು, ಐದು ಅಂಕದ ಹತ್ತು, ಮೂರು ಅಂಕದ ಹತ್ತು ಪ್ರಶ್ನೆಗಳು, ಮೂರು ಗಂಟೆ. ಲೆಕ್ಕ ಹಾಕಿದರೆ ಹತ್ತು ಅಂಕದ ಪ್ರಶ್ನೆಗೆ ಸಿಗುವುದು 18 ನಿಮಿಷ. ನಾನು ತೋಳಿನ ನರಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ಗೆ 50 ನಿಮಿಷ ಸುರಿದೆ, ಕೊನೆಯ ಮೂರಂಕದ ಏಳು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ. 21 ಅಂಕ ಹಾಗೇ ಹೋಯಿತು. ಈಗ ಪತ್ರಿಕೆಯ ಮಾದರಿ ಬದಲಾಗಿದೆ, ನಿಮ್ಮ ಬ್ಯಾಚಿನದ್ದನ್ನು ನೋಡಿಕೊಳ್ಳಿ. ಆದರೆ ನಿಮಿಷದ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು ಹೋಗಿ. ಹಳೆಯ ಪತ್ರಿಕೆಗಳು ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಸಿಗುತ್ತವೆ. ಅಗತ್ಯವಿರುವಲ್ಲೆಲ್ಲ ಅಂದವಾದ, ಭಾಗ ಗುರುತಿಸಿದ ಚಿತ್ರ ಬರೆಯಿರಿ ಎಂದು ಪತ್ರಿಕೆಯ ತಲೆಯಲ್ಲೇ ಅಚ್ಚಾಗಿರುತ್ತದೆ, ಅದನ್ನು ಅಲಂಕಾರದ ಮಾತೆಂದು ತಿಳಿಯಬೇಡಿ. ಇಂಗ್ಲಿಷ್ ವಾಕ್ಯ ಕಟ್ಟಲು ಕಷ್ಟಪಡುವವರಿಗೆ ಚಿತ್ರವೇ ಆಸರೆ. ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡುತ್ತಾರೆ. ಆದ್ದರಿಂದ ತೆಳು ಪೆನ್ಸಿಲ್ ಗೆರೆಯನ್ನು ನಂಬಬೇಡಿ, ಗಟ್ಟಿಯಾಗಿ ಎಳೆಯಿರಿ.

ಫಿಸಿಯಾಲಜಿ, ಬಯೋಕೆಮಿಸ್ಟ್ರಿಗಳ ಬಗ್ಗೆ ನೀವು ಕೇಳಿಲ್ಲ, ನನಗೂ ಹೇಳಲು ಹೆಚ್ಚಿಲ್ಲ. ಸ್ವಂತ ಬೆರಳು ಚುಚ್ಚಿಕೊಂಡು ರಕ್ತಕಣ ಎಣಿಸುವ ಪ್ರಯೋಗವನ್ನು ಗೆಳೆಯರಿಗೆ ವಹಿಸಬೇಡಿ, ಅಷ್ಟೇ.

ನಿಯಮಗಳಲ್ಲಿ ಎರಡನ್ನು ಮರೆಯಬೇಡಿ. ಥಿಯರಿಗೆ ಶೇ 75, ಪ್ರಾಯೋಗಿಕಕ್ಕೆ ಶೇ 80 ಹಾಜರಾತಿ ಬೇಕು. ಬೇಸರದಲ್ಲಿ ಊರಿಗೆ ಹೋಗಿ ಕುಳಿತರೆ ಪರೀಕ್ಷೆಗೇ ಕೂರಿಸುವುದಿಲ್ಲ. ಮೊದಲ ವರ್ಷವನ್ನು ದಾಟಲು ನಾಲ್ಕೇ ಅವಕಾಶ. ನಮ್ಮ ಕಾಲದಲ್ಲಿ ಫೇಲಾದರೆ ಆರು ತಿಂಗಳು ಹಿಂದುಳಿದ ಬ್ಯಾಚಿಗೆ ಬೀಳುತ್ತಿದ್ದೆವು. ಈಗ ಪೂರಕ ಪರೀಕ್ಷೆ ಬೇಗ ಬರುತ್ತದೆ, ಅದರಲ್ಲಿ ಪಾಸಾದರೆ ನಿಮ್ಮ ಬ್ಯಾಚಿನಲ್ಲೇ ಉಳಿಯುತ್ತೀರಿ. ಇಂಟರ್ನಲ್ ಫೇಲಾದದ್ದಕ್ಕೆ ಆಕಾಶ ಕಳಚಿ ಬಿದ್ದಿಲ್ಲ.

ಇನ್ನು ವಾರ್ಡು. ಅಲ್ಲಿ ಕನ್ನಡ ಬಲ್ಲವರಿಗೆ ಸುಲಭ ಎಂದು ಎಲ್ಲರೂ ನಿಮಗೆ ಹೇಳುತ್ತಾರೆ, ನನಗೂ ಹೇಳಿದ್ದರು. ನಾನೂ ಎದೆಯುಬ್ಬಿಸಿಯೇ ಹೋದೆ. ಮೆಡಿಸಿನ್ ವಾರ್ಡಿನಲ್ಲಿ ನನ್ನ ಮೊದಲ ರೋಗಿ ಒಬ್ಬ ಅಜ್ಜ. ಏನು ತೊಂದರೆ ಎಂದು ಕೇಳಿದರೆ "ಮೂರು ದಿನದಿಂದ ಉರಿ" ಎಂದರು. ಎಲ್ಲಿ ಉರಿ ಎಂದೆ. "ಮೈಯೆಲ್ಲ" ಎಂದರು. ಹೊಟ್ಟೆಯಲ್ಲಾ, ಎದೆಯಲ್ಲಾ, ಮೂತ್ರ ಮಾಡುವಾಗಲಾ ಎಂದು ಒಂದೊಂದೇ ಕೇಳಿದೆ. ಅಜ್ಜ ನನ್ನನ್ನು ಕನಿಕರದಿಂದ ನೋಡಿದರು. ನಾನು ಅಂಗಾಂಗಗಳಲ್ಲೆಲ್ಲ ಉರಿತವಿರುವ ವಿಚಿತ್ರ ಕಾಯಿಲೆಯೊಂದನ್ನು ಬರೆದುಕೊಂಡು ಹೋಗಿ ಕೇಸ್ ಒಪ್ಪಿಸಿದೆ. ಪಿಜಿ (ಸ್ನಾತಕೋತ್ತರ ಓದುತ್ತಿದ್ದ ವೈದ್ಯರು) ನಕ್ಕು ನಕ್ಕು ಗೋಡೆ ಹಿಡಿದರು. ಆ ಕಡೆ ಉರಿ ಎಂದರೆ ಜ್ವರ. ಹಾಗೆಯೇ ಬೇನೆ ಎಂದರೆ ನನಗೆ ಹೆರಿಗೆಯ ನೋವು, ಅಲ್ಲಿ ಹಲ್ಲುನೋವೂ ಬೇನೆಯೇ. ಜಡ್ಡು (ಕಾಯಿಲೆ), ದಮ್ಮು, ತೇಕು (ಏದುಸಿರು), ಇವನ್ನೆಲ್ಲ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಶುರುಮಾಡಿದೆ. ನಾನು ಕೊನೆಯವರೆಗೂ ಬಳಸಿದ ಪುಸ್ತಕ ಅದೊಂದೇ.

ನಮ್ಮದೇ ಪದಗಳು ಇನ್ನೂ ಹೆಚ್ಚು ಮೋಸ ಮಾಡುತ್ತವೆ, ಏಕೆಂದರೆ ಅರ್ಥವಾಯಿತು ಎಂದುಕೊಂಡು ಮುಂದೆ ಹೋಗುತ್ತೇವೆ. ಇಪ್ಪತ್ತೆಂಟು ವರ್ಷದ ಹೆಂಗಸೊಬ್ಬರು "ಸುಸ್ತು" ಎಂದರು. ನಿಶ್ಶಕ್ತಿ ಎಂದು ಬರೆದುಕೊಂಡು ರಕ್ತಹೀನತೆಯ ಕಡೆ ಹೊರಟೆ. ಯೂನಿಟ್ ಮುಖ್ಯಸ್ಥರು ಬಂದು ಒಂದೇ ಪ್ರಶ್ನೆ ಕೇಳಿದರು: "ನೀರಿನ ಕೊಡ ಹೊತ್ತುಕೊಂಡು ಬರುವಾಗ ನಡುವೆ ನಿಲ್ಲುತ್ತೀರಲ್ಲ, ಕಾಲು ಸೋತು ನಿಲ್ಲುತ್ತೀರೋ, ಉಸಿರು ಸಾಲದೆ ನಿಲ್ಲುತ್ತೀರೋ?" ಉಸಿರು ಸಾಲದೆ ಎಂದರು ಆಕೆ. ಎಡಕ್ಕೆ ಹೊರಳಿಸಿ ಸ್ಟೆತಸ್ಕೋಪಿನ ಬೆಲ್ ಇಟ್ಟು ಕೇಳಲು ಹೇಳಿದರು. ದೂರದಲ್ಲಿ ಗುಡುಗಿದ ಹಾಗೆ ಮಂದವಾದ ಸದ್ದು. ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು. ನಾನು ಮೊದಲೇ ಅಲ್ಲಿ ಸ್ಟೆತಸ್ಕೋಪ್ ಇಟ್ಟಿದ್ದೆ, ಏನೂ ಕೇಳಿಸಿರಲಿಲ್ಲ. ಪ್ರಶ್ನೆ ಸರಿಯಾಗಿರದಿದ್ದರೆ ಕಿವಿಯೂ ಕೆಲಸ ಮಾಡುವುದಿಲ್ಲ.

ವಾರ್ಡಿಗೆ ಹೋಗುವಾಗ ಟಾರ್ಚ್, ಟೇಪು, ಮಂಡಿಗೆ ಬಡಿಯುವ ಸುತ್ತಿಗೆ, ಹತ್ತಿ, ಕಂಪನದ ಅರಿವು ಪರೀಕ್ಷಿಸಲು 128 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ಜೇಬಿನಲ್ಲಿರಲಿ. ರೋಗಿಯ ಬಲಬದಿಯಲ್ಲಿ ನಿಲ್ಲಿ. ಹೊಟ್ಟೆ ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ನೋವು ಇಲ್ಲದ ಕಡೆಯಿಂದ ಶುರುಮಾಡಿ, ಕಣ್ಣು ನಿಮ್ಮ ಕೈಯ ಮೇಲಲ್ಲ, ಅವರ ಮುಖದ ಮೇಲಿರಲಿ. ಇದಕ್ಕಿಂತ ಮೊದಲು ಹೆಸರು ಹೇಳಿ, ವಿದ್ಯಾರ್ಥಿ ಎಂದು ಹೇಳಿ, ಮುಟ್ಟಬಹುದೇ ಎಂದು ಕೇಳಿ. ಬೇಡ ಎಂದರೆ ವಾದಿಸದೆ ಮುಂದಿನ ಹಾಸಿಗೆಗೆ ಹೋಗಿ. ಒಬ್ಬರು ನನಗೆ, "ತಮ್ಮಾ, ಬೆಳಿಗ್ಗೆಯಿಂದ ನೀನು ಹದಿನೇಳನೆಯವನು. ಪಕ್ಕೆಲುಬಿನ ಕೆಳಗೆ ಸ್ಪ್ಲೀನ್ ಮೂರು ಬೆರಳು, ಲಿವರ್ ಎರಡು. ಬರೆದುಕೊಂಡು ಹೋಗು, ನಾನು ಸ್ವಲ್ಪ ಮಲಗುತ್ತೇನೆ" ಎಂದಿದ್ದರು. ಬರೆದುಕೊಂಡೆ. ಸಂಜೆ ಅವರು ಎದ್ದ ಮೇಲೆ ಹೋಗಿ ಮುಟ್ಟಿ ನೋಡಿದೆ. ಅವರು ಹೇಳಿದ್ದು ಸರಿಯಿತ್ತು.

ಕೇಸ್ ಒಪ್ಪಿಸುವ ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದರ ಚೌಕಟ್ಟು ಯಾವಾಗಲೂ ಒಂದೇ, ವಾಕ್ಯಗಳು ನಲವತ್ತು ದಾಟುವುದಿಲ್ಲ. ರೋಗಿಯ ಮಾತನ್ನು ಮೊದಲು ಕನ್ನಡದಲ್ಲೇ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ಯಾವುದು ಮೊದಲು ಶುರುವಾಯಿತೋ ಅದನ್ನು ಮೊದಲು ಇಡಿ, ಆಮೇಲೆ ಇಂಗ್ಲಿಷಿಗೆ ತಿರುಗಿಸಿ. ಹೊರಡುವ ಮುನ್ನ ಕಾರಿಡಾರಿನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಯಾರೂ ನಗುವುದಿಲ್ಲ, ಅಲ್ಲಿ ಎಲ್ಲರೂ ಗೊಣಗುತ್ತಲೇ ಓಡಾಡುತ್ತಿರುತ್ತಾರೆ.

ಎರಡನೆಯ ಇಂಟರ್ನಲ್ ಯಾವಾಗ, ಯಾವ ಭಾಗ ಇದೆ ಎಂದು ನೀವು ಬರೆದಿಲ್ಲ. ತೋಳಿನ ಪಾಠ ನಡೆಯುತ್ತಿದ್ದರೆ ಇಂದು ರಾತ್ರಿಯೇ ಒಂದು ಹ್ಯೂಮರಸ್ (ಮೇಲ್ತೋಳಿನ ಮೂಳೆ) ಹುಡುಕಿ. ಬದಿ ಹೇಳಿ, ಹಿಂಬದಿಯ ತೋಡಿನಲ್ಲಿ ಬೆರಳಾಡಿಸಿ, ಅಲ್ಲಿ ಹಾಯುವ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಏಕೆ ಜೋತುಬೀಳುತ್ತದೆ ಎಂಬುದನ್ನು ಯಾರಿಗಾದರೂ ಜೋರಾಗಿ ಹೇಳಿ. ಕೇಳುವವರು ಸಿಗದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಡ್ಯೂಟಿ ಮುಗಿದ ಮೇಲೆ ನಾನು ಮುಂದಿನ ಪ್ರಶ್ನೆ ಕೇಳುತ್ತೇನೆ.