ಮೋಡದ ಮೇಲೆ ಸುತ್ತುವ ಬೆಳಕು ಎಲ್ಲಿಂದ?
ನಿಮ್ಮ ತಾರಸಿಯಿಂದ ರಾತ್ರಿ ಮೋಡದ ಮೇಲೆ ಸುತ್ತುತ್ತಾ ಕಾಣುವ ಬಿಳಿ ಚುಕ್ಕೆ ಬಹುಶಃ ಸರ್ಚ್‌ಲೈಟ್‌ನದು. ಮದುವೆ, ಜಾತ್ರೆಗೆ ಹಾಕ್ತಾರಲ್ವಾ, ಅದೇ. ಪಕ್ಕದ ಬೀದಿಯಲ್ಲೇ ಇರಬೇಕೆಂದಿಲ್ಲ. ನ್ಯೂಯಾರ್ಕ್‌ನಲ್ಲಿ ಸೆಪ್ಟೆಂಬರ್ 11ರ ದಾಳಿಯ ನೆನಪಿಗೆ ಹಚ್ಚುವ 88 ದೀಪಗಳ ಜೋಡಿ ಬೆಳಕಿನ ಕಂಬ ತಿಳಿ ರಾತ್ರಿಯಲ್ಲಿ ಸುಮಾರು 95 ಕಿ.ಮೀ. ದೂರಕ್ಕೂ ಕಾಣುತ್ತದೆ. ಅಲ್ಲಿ ಒಂದೊಂದು ದೀಪವೂ 7000 ವ್ಯಾಟ್, ನಿಮಗೆ ಕಾಣುವುದು ಅಷ್ಟು ದೊಡ್ಡದಿರಲಾರದು.

ದೀಪ ಎಲ್ಲಿದೆ ಎಂದು ಹುಡುಕಲು ಮೊದಲು ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ದಿಗಂತದಿಂದ ಚುಕ್ಕೆವರೆಗೆ ಒಂದು ಮುಷ್ಟಿ ಅಂದ್ರೆ ಸುಮಾರು 10 ಡಿಗ್ರಿ. ಮೋಡ 1 ಕಿ.ಮೀ. ಎತ್ತರದಲ್ಲಿದ್ದರೆ ಚುಕ್ಕೆ 5-6 ಕಿ.ಮೀ. ದೂರ. ಮೋಡದ ಎತ್ತರ ಬರೀ ಅಂದಾಜು, ಇದೊಂದನ್ನೇ ನಂಬಬೇಡಿ. ಫೋನಿನ ದಿಕ್ಸೂಚಿಯಲ್ಲಿ ದಿಕ್ಕು ಗುರುತು ಹಾಕಿ. ಒಂದೆರಡು ಕಿ.ಮೀ. ಪಕ್ಕಕ್ಕೆ ಹೋಗಿ ಮತ್ತೆ ದಿಕ್ಕು ನೋಡಿ. ಬೆಳಕಿನ ಕೋಲು ಕಂಡರೆ ಅದರ ಬುಡದ ದಿಕ್ಕನ್ನೇ ಹಿಡಿಯಿರಿ, ತುದಿ ವಾಲಿರುತ್ತದೆ. ಮ್ಯಾಪ್‌ನಲ್ಲಿ ಎರಡೂ ಜಾಗದಿಂದ ಆಯಾ ದಿಕ್ಕಿಗೆ ಗೆರೆ ಎಳೆದು, ಅವು ಸೇರುವ ಕಡೆ ಹುಡುಕಿ.